ತಿಯೇರ್ ಊರಿನ ಮಡಚುವ ಚಾಕುಗಳು

ನಮ್ಮ ಕಡೆ ತೋಟದ ಕೆಲಸದವರ ಸೊಂಟದಲ್ಲಿ ಕತ್ತಿ ಇರುತ್ತದೆ, ಕೊಡವರ ಹಬ್ಬದ ಉಡುಪಿನಲ್ಲಿ ಪೀಚೆಕತ್ತಿ ಇರುತ್ತದೆ. ಆದರೆ ಜೇಬಿನಿಂದ ಚಾಕು ತೆಗೆದವನನ್ನು ಜನ ಅನುಮಾನದಿಂದಲೇ ನೋಡುತ್ತಾರೆ, ಅಲ್ವಾ? ನಾನಿರುವ ಮಧ್ಯ ಫ್ರಾನ್ಸಿನ ಓವೇರ್ನ್ ಸೀಮೆಯಲ್ಲಿ ಹಾಗಲ್ಲ. ಹಳ್ಳಿಯಲ್ಲಿ ಊಟಕ್ಕೆ ಕೂತರೆ ಕೆಲವು ಹಿರಿಯರು ಮೇಜಿನ ಮೇಲಿನ ಚಾಕು ಮುಟ್ಟುವುದೇ ಇಲ್ಲ. ತಮ್ಮದನ್ನು ಜೇಬಿನಿಂದ ತೆಗೆದು, ಬಿಚ್ಚಿ, ಬ್ರೆಡ್ಡು, ಚೀಸು ಎಲ್ಲವನ್ನೂ ಅದರಲ್ಲೇ ಕೊಯ್ಯುತ್ತಾರೆ. ಕೊನೆಗೆ ಬ್ರೆಡ್ಡಿನ ತುಂಡಿನಲ್ಲಿ ಅಲಗು ಒರೆಸಿ ಮಡಚಿಡುತ್ತಾರೆ. ಹಿಂದೆಲ್ಲ ಮನೆಯ ಯಜಮಾನ ಚಾಕು ಮಡಚಿದ ಅಂದರೆ ಎಲ್ಲರ ಊಟವೂ ಮುಗಿದ ಹಾಗೇ ಅಂತೆ.

ನೋಡ್ತಾ ನೋಡ್ತಾ ನನಗೂ ಈ ಹುಚ್ಚು ಹತ್ತಿತು. ಕ್ಲೆರ್ಮೋಂ-ಫೆರಾಂನಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ತಿಯೇರ್ ಸಿಗುತ್ತದೆ. ಐದಾರು ಶತಮಾನಗಳಿಂದ ಚಾಕು ಮಾಡುತ್ತಾ ಬಂದ ಊರು. ಅಲ್ಲಿ ಕಬ್ಬಿಣದ ಗಣಿ ಇಲ್ಲ. ಇರುವುದು ದ್ಯುರೋಲ್ ಅನ್ನುವ ಸಣ್ಣ ಹೊಳೆ. ಕಡಿದಾದ ಕಣಿವೆಯಲ್ಲಿ ಧುಮುಕುವ ಅದರ ನೀರೇ ಸಾಣೆ ಚಕ್ರಗಳನ್ನು ತಿರುಗಿಸುತ್ತಿತ್ತು. ಸಾಣೆ ಹಿಡಿಯುವವರು ಕೂತು ಕೆಲಸ ಮಾಡುತ್ತಿರಲಿಲ್ಲ. ಚಕ್ರದ ಮೇಲೆ ಚಾಚಿದ ಹಲಗೆಯಲ್ಲಿ ಬೋರಲು ಮಲಗಿ, ಕೆಳಗೆ ತಿರುಗುವ ಒದ್ದೆ ಕಲ್ಲಿಗೆ ಎರಡೂ ಕೈಯಿಂದ ಅಲಗು ಒತ್ತುತ್ತಿದ್ದರು. ಚಳಿಗೆ ಕಾಲು ಮರಗಟ್ಟಬಾರದು ಅಂತ ನಾಯಿಯನ್ನು ಕಾಲ ಮೇಲೆ ಮಲಗಿಸಿಕೊಳ್ಳುತ್ತಿದ್ದರು. ಹಳೆಯ ಪೋಸ್ಟ್‌ಕಾರ್ಡುಗಳಲ್ಲಿ ಆ ಸಾಲು ಹಲಗೆ, ಸಾಲು ಜನ, ನಾಯಿ ಎಲ್ಲ ಕಾಣುತ್ತವೆ. ಒಂದೇ ಚಾಕು ಹಲವರ ಕೈ ದಾಟಿ ಬರುತ್ತಿತ್ತು. ಬಡಿಯುವವರು ಬೇರೆ, ಸಾಣೆ ಹಿಡಿಯುವವರು ಬೇರೆ, ಹಿಡಿ ಕೂರಿಸುವವರು ಬೇರೆ. ಊರಿನ ಚಾಕು ಮ್ಯೂಸಿಯಂನಲ್ಲಿ ಇದನ್ನೆಲ್ಲ ನೋಡಿದ ಮೇಲೆ ಅಂಗಡಿಯ ಗಾಜಿನ ಹಿಂದಿರುವ ಚಾಕು ಬರೀ ಸಾಮಾನಾಗಿ ಕಾಣುವುದಿಲ್ಲ.

ನನ್ನ ಡ್ರಾಯರಿನಲ್ಲಿರುವವು ಕೆಲವೇ. ಎಲ್ಲವೂ ಕೆಲಸ ಮಾಡುತ್ತವೆ. ಬೀರುವಿನಲ್ಲಿ ಸುಮ್ನೆ ಮಲಗುವ ಚಾಕು ನನಗೆ ಬೇಡ.

ಮೊದಲನೆಯದು ಒಪಿನೆಲ್, 8ನೇ ನಂಬರು. ಇದು ತಿಯೇರ್‌ನದಲ್ಲ, ಆಲ್ಪ್ಸ್ ಬೆಟ್ಟದ ಸವೋಯ್ ಸೀಮೆಯದು. 1890ರಲ್ಲಿ ಜೋಸೆಫ್ ಒಪಿನೆಲ್ ರೂಪಿಸಿದ್ದು. ದುಂಡನೆಯ ಮರದ ಹಿಡಿ, ತೆಳ್ಳನೆಯ ಅಲಗು, ಅಷ್ಟೇ. ಅಲಗು ಅಲ್ಲಾಡದಂತೆ ತಿರುಗಿಸಿ ಬಿಗಿಮಾಡುವ ಲೋಹದ ಬಳೆ 1955ರಲ್ಲಿ ಬಂತು. ಮಳೆಯಲ್ಲಿ ಹಿಡಿ ಉಬ್ಬಿ ಅಲಗು ಸಿಕ್ಕಿಕೊಳ್ಳುವುದುಂಟು. ಆಗ ಉಗುರು ಮುರಿದುಕೊಳ್ಳಬೇಡಿ. ಬಳೆ ಸಡಿಲಿಸಿ ಹಿಡಿಯ ಹಿಂತುದಿಯನ್ನು ಮೇಜಿಗೆ ಒಮ್ಮೆ ಕುಟ್ಟಿದರೆ ಸಾಕು, ಅಲಗು ತಾನೇ ತಲೆ ಎತ್ತುತ್ತದೆ. ಸವೋಯ್‌ನವರ ಹಳೇ ಉಪಾಯ ಇದು.

ಎರಡನೆಯದು ನನಗೆ ಜಾಸ್ತಿ ಪ್ರೀತಿಯದು, ಲಾಯೋಲ್. ಹಿಡಿ ತುಸು ಬಾಗಿದೆ, ಬೆನ್ನಿನ ಸ್ಪ್ರಿಂಗಿನ ತುದಿಯಲ್ಲಿ ಪುಟ್ಟ ಜೇನ್ನೊಣ ಕೆತ್ತಿದೆ. ಇದರಲ್ಲಿ ಅಲಗಿನ ಜೊತೆ ಒಂದು ದಬ್ಬಣವೂ ಇದೆ. ದನಗಾಹಿಗಳು ಹಸುವಿಗೆ ಹೊಟ್ಟೆ ಉಬ್ಬರಿಸಿದಾಗ ಇದರಿಂದ ಚುಚ್ಚಿ ಗಾಳಿ ಬಿಡುತ್ತಿದ್ದರಂತೆ. ದನ ಸಾಕಿದ ಮನೆಯವರಿಗೆ ಆ ಗಾಬರಿ ಏನು ಅಂತ ಗೊತ್ತಿರುತ್ತದೆ. ಲಾಯೋಲ್ ಅನ್ನುವುದು ದಕ್ಷಿಣಕ್ಕಿರುವ ಒಂದು ಹಳ್ಳಿ. ಆದರೆ ಆ ಹೆಸರಿನ ಎಷ್ಟೋ ಚಾಕುಗಳು ತಿಯೇರ್‌ನಲ್ಲಿ ತಯಾರಾಗುತ್ತವೆ. ಫ್ರಾನ್ಸಿಗೆ ಸಂಬಂಧವೇ ಇಲ್ಲದ ಅಗ್ಗದ ನಕಲಿಗಳೂ ಅದೇ ಹೆಸರಿನಲ್ಲಿ ಸಿಗುತ್ತವೆ. ಹಾಗಾಗಿ ಹೆಸರು, ಜೇನ್ನೊಣ ನೋಡಿ ದುಡ್ಡು ಕೊಡಬೇಡಿ. ಯಾರು ಮಾಡಿದ್ದು, ಎಲ್ಲಿ ಮಾಡಿದ್ದು ಅಂತ ಕೇಳಿ.

ಇನ್ನೊಂದು ಡೂಕ್-ಡೂಕ್, 1929ರಿಂದ ತಿಯೇರ್‌ನಲ್ಲೇ ಬರುತ್ತಿದೆ. ಮಡಚಿದ ತಗಡೇ ಅದರ ಹಿಡಿ. ಚಪ್ಪಟೆಯಾಗಿ ಹಗುರವಾಗಿದೆ, ಜೇಬಿನಲ್ಲಿ ಇರುವುದೇ ಗೊತ್ತಾಗಲ್ಲ.

ಸ್ಟೇನ್‌ಲೆಸ್ಸೋ ಕಾರ್ಬನ್ ಸ್ಟೀಲೋ ಅಂತ ಕೇಳಿದರೆ ನನ್ನ ಓಟು ಕಾರ್ಬನ್‌ಗೇ. ಬೇಗ ಹರಿತವಾಗುತ್ತದೆ, ಮತ್ತೆ ಮೊದಲ ದಿನ ನಿಂಬೆಹಣ್ಣು, ಸೇಬು ಕೊಯ್ದರೆ ಅದರ ಮೈ ಬಣ್ಣ ಬದಲಾಗುವುದು ಕಣ್ಣೆದುರೇ ಕಾಣುತ್ತದೆ. ಹೊಳೆಯುವ ಅಲಗಿನ ಮೇಲೆ ನೀಲಿ ಬೂದು ಮೋಡ ಕವಿದ ಹಾಗೆ. ಅದನ್ನು ತಿಕ್ಕಿ ತೆಗೆಯಬಾರದು. ಆ ಪದರವೇ ಕೆಂಪು ತುಕ್ಕನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಬಳಸಿದ ತಕ್ಷಣ ತೊಳೆದು ಒರೆಸಬೇಕು, ಮಡಚುವ ಕೀಲಿಗೆ ಆಗಾಗ ಒಂದು ಹನಿ ಎಣ್ಣೆ ಬಿಡಬೇಕು. ಪಾತ್ರೆ ತೊಳೆಯುವ ಮೆಷಿನ್ನಿಗೆ ಹಾಕಿದರೆ ಮರದ ಹಿಡಿ ಹಾಳಾಗುತ್ತದೆ. ಸಾಣೆಕಲ್ಲಿನ ಮೇಲೆ ಅಲಗನ್ನು ಸುಮಾರು 20 ಡಿಗ್ರಿ ಓರೆಯಲ್ಲಿಟ್ಟು, ಎರಡೂ ಬದಿ ಸಮನಾಗಿ ಎಳೆಯಿರಿ. ಅವಸರ ಬೇಡ.

ಇಲ್ಲಿಗೆ ಬರುವವರು ಒಂದು ವಿಷಯ ತಿಳಿದಿರಲಿ. ಇಷ್ಟೆಲ್ಲ ಚಾಕು ಸಂಪ್ರದಾಯ ಇದ್ದರೂ, ಸರಿಯಾದ ಕಾರಣ ಇಲ್ಲದೆ ಜೇಬಿನಲ್ಲಿ ಚಾಕು ಇಟ್ಟುಕೊಂಡು ಓಡಾಡುವುದು ಫ್ರಾನ್ಸಿನಲ್ಲಿ ಅಪರಾಧ, ಮಡಚುವ ಚಾಕುವಾದರೂ ಸರಿ. ಬೆಟ್ಟ ಹತ್ತಲು, ಅಣಬೆ ಆರಿಸಲು ಹೋಗುವಾಗ ನಾನು ಒಯ್ಯುತ್ತೇನೆ. ಪೇಟೆಗೆ, ಆಫೀಸಿಗೆ ಒಯ್ಯುವುದಿಲ್ಲ. ಊರಿಗೆ ಬರುವಾಗ ಚೆಕ್-ಇನ್ ಬ್ಯಾಗಿನಲ್ಲೇ ಹಾಕಬೇಕು.

ಯಾರಾದರೂ ಚಾಕು ಉಡುಗೊರೆ ಕೊಟ್ಟರೆ ಒಂದು ನಾಣ್ಯ ವಾಪಸ್ ಕೊಡುವುದು ಇಲ್ಲಿನ ಪದ್ಧತಿ. ಇಲ್ಲದಿದ್ದರೆ ಸ್ನೇಹ ಕತ್ತರಿಸಿಹೋಗುತ್ತದಂತೆ. ನನ್ನ ಲಾಯೋಲ್ ಬಂದದ್ದೂ ಹಾಗೇ, ಸಹೋದ್ಯೋಗಿಯ ಕೈಗೆ ಒಂದು ಯೂರೋ ಇಟ್ಟು.

ಹಳೆಯ ಚಾಕು ಬೇಕೆಂದರೆ ಬೇಸಿಗೆಯ ಭಾನುವಾರಗಳಲ್ಲಿ ಬೀದಿಯಲ್ಲಿ ಹಾಕುವ ಹಳೇ ಸಾಮಾನಿನ ಸಂತೆಗಳಿಗೆ ಹೋಗಿ. ತುಕ್ಕು ನೋಡಿ ಹೆದರಬೇಡಿ. ಮೊದಲು ಬಿಚ್ಚಿ, ಅಲಗನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಅಲ್ಲಾಡಿಸಿ. ಸಡಿಲವಾಗಿದ್ದರೆ ಬೇಡ. ಆಮೇಲೆ ಮಡಚಿ, ಮೊನೆ ಹಿಡಿಯೊಳಗೆ ಪೂರ್ತಿ ಅಡಗುತ್ತದಾ ಅಂತ ಬೆರಳು ತಾಗಿಸದೆ ನೋಡಿ. ಸಾಣೆ ಹಿಡಿದೂ ಹಿಡಿದೂ ಅಲಗು ಕಡ್ಡಿಯಂತಾಗಿದ್ದರೂ ಕೊಳ್ಳಬೇಡಿ. ಇವಿಷ್ಟು ಸರಿಯಿದ್ದರೆ ಕೊಳ್ಳಿ. ತುಕ್ಕು ಮನೆಗೆ ಬಂದ ಮೇಲೆ ಎಣ್ಣೆ ಹಚ್ಚಿ ಉಜ್ಜಿದರೆ ಹೋಗುತ್ತದೆ.