ಆಯುಧಪೂಜೆಯ ಹಿಂದಿನ ದಿನ

ನಮ್ಮ ಶಾಲೆಯ ವರ್ಕ್‌ಷಾಪ್ ಮೇಷ್ಟ್ರು ಈ ವರ್ಷ ತೀರಿಕೊಂಡರು. ಅವರು ಬರೆಸಿದ ನೋಟ್ಸಿನಲ್ಲಿ ಏನಿತ್ತೆಂದು ಕೇಳಿದರೆ ನಮ್ಮ ಬ್ಯಾಚಿನ ಯಾರಿಗೂ ಈಗ ನೆನಪಿರಲಿಕ್ಕಿಲ್ಲ. ಆಯುಧಪೂಜೆಗೆ ಲೇತನ್ನು, ಅಂದರೆ ಲೋಹದ ಸರಳನ್ನು ತಿರುಗಿಸಿ ಕಡೆಯುವ ಯಂತ್ರವನ್ನು, ಹೇಗೆ ಅಣಿಗೊಳಿಸಬೇಕೆಂದು ಕೇಳಿ, ಎಲ್ಲರೂ ನಿದ್ದೆಗಣ್ಣಲ್ಲೂ ಹೇಳುತ್ತಾರೆ.

ಪೂಜೆ ಮಹಾನವಮಿಗೆ, ಮೇಷ್ಟ್ರ ಹಬ್ಬ ಮಾತ್ರ ಅಷ್ಟಮಿಯಂದೇ. ಬೆಳಗ್ಗೆ ಬಂದವರೇ ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕ್ಯಾರಿಯರ್‌ಗಳನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮಾರನೆಯ ದಿನ ಅವೇ ಫ್ಯೂಸುಗಳು ಪೂಜೆಯ ತಟ್ಟೆಯಲ್ಲಿ ಅರಿಸಿನ-ಕುಂಕುಮದ ಬಟ್ಟಲಿನ ಪಕ್ಕದಲ್ಲಿರುತ್ತಿದ್ದವು. "ಈ ಮೆಷಿನ್‌ಗಳು ವರ್ಷವೆಲ್ಲ ನಿಮ್ಮ ಕೈಯಲ್ಲಿ ಏಟು ತಿಂದಿದಾವೆ, ಈಗ ನೀವು ಅವುಗಳ ಸೇವೆ ಮಾಡ್ರಪ್ಪಾ" ಎನ್ನುತ್ತಿದ್ದರು.

ಮೊದಲು ಒಣ ಬ್ರಷ್. ಇದನ್ನು ಬಿಟ್ಟು ನೇರವಾಗಿ ಸೀಮೆಎಣ್ಣೆ ಸುರಿದರೆ ಕಬ್ಬಿಣದ ಪುಡಿ ಕೆಸರಾಗಿ, ಉಳಿಯನ್ನು ಹೊತ್ತು ಜಾರುವ ಸ್ಯಾಡಲ್ ಅಡಿಗೆ ಹರಿಯುತ್ತದೆ, ಅದು ಜಾರುವ ಉದ್ದನೆಯ ಹಾಸು, ಅಂದರೆ ಬೆಡ್ ಮೇಲೆ ಗೀರು ಬೀಳುತ್ತದೆ. ಮೇಲಿನಿಂದ ಕೆಳಕ್ಕೆ ಬರಬೇಕು: ಸರಳನ್ನು ತಿರುಗಿಸುವ ಹೆಡ್‌ಸ್ಟಾಕ್, ಅದನ್ನು ದವಡೆಗಳಲ್ಲಿ ಹಿಡಿಯುವ ಚಕ್, ಉಳಿ ಬಿಗಿಯುವ ಟೂಲ್‌ಪೋಸ್ಟ್, ಆಮೇಲೆ ಬೆಡ್, ಕೊನೆಗೆ ಟ್ರೇ. ಎದುರು ತುದಿಯಲ್ಲಿ ಸರಳಿಗೆ ಆಸರೆ ಕೊಡುವ ಟೈಲ್‌ಸ್ಟಾಕನ್ನು ಸರಿಸಿ ಅದರ ಅಡಿಯನ್ನೂ ಒರೆಸಬೇಕು. ಎಲ್ಲರೂ ಮರೆಯುವ ಜಾಗ ಅದು. ಒಂದು ಲೇತಿಗೆ ಅರ್ಧ ಲೀಟರ್ ಸೀಮೆಎಣ್ಣೆ, ಒರೆಸಲು ಎರಡು ಹಿಡಿ ಕಾಟನ್ ವೇಸ್ಟ್, ಅಂದರೆ ರದ್ದಿ ನೂಲು. ಹೆಚ್ಚಿಗೆ ಕೇಳಿದರೆ ಸಿಗುತ್ತಿರಲಿಲ್ಲ. ಸ್ಯಾಡಲನ್ನು ಸರಿಸುವ ಉದ್ದನೆಯ ತಿರುಪು, ಲೀಡ್ ಸ್ಕ್ರೂವಿಗೆ ಕಾಟನ್ ವೇಸ್ಟ್ ಒಗ್ಗದು, ನೂಲು ಎಳೆಎಳೆಯಾಗಿ ಸಿಕ್ಕಿಕೊಳ್ಳುತ್ತದೆ. ಅಲ್ಲಿಗೆ ಹಳೆಯ ಹಲ್ಲುಜ್ಜುವ ಬ್ರಷ್. ತುಕ್ಕು ಕಂಡಿತೆಂದು ಬೆಡ್ ಮೇಲೆ ಎಮರಿ ಕಾಗದ ಆಡಿಸಿದವನಿಗೆ ಬೈಗುಳ ತಪ್ಪುತ್ತಿರಲಿಲ್ಲ, ಏಕೆಂದರೆ ಉದುರಿದ ಎಮರಿ ಪುಡಿ ಜಾರುವ ಭಾಗಗಳ ನಡುವೆ ಸೇರಿ ಅವನ್ನೇ ಸವೆಸುತ್ತದೆ. ಸೀಮೆಎಣ್ಣೆಯನ್ನು ಪೂರ್ತಿ ಒರೆಸಿ ತೆಗೆದ ಮೇಲೆ ಮೆಷಿನ್ ಆಯಿಲ್. ಬೆರಳಿಟ್ಟರೆ ಗುರುತು ಮೂಡಬೇಕು, ತೊಟ್ಟಿಕ್ಕಬಾರದು.

ಅರಗಳಿಗೆ ಎಣ್ಣೆ ಕೂಡದು, ಆಮೇಲೆ ಲೋಹದ ಮೇಲೆ ಜಾರುತ್ತವೆ. ಹಲ್ಲಿನ ಜಾಡು ಹಿಡಿದು ತಂತಿ ಬ್ರಷ್ ಎಳೆದು, ಸೀಮೆಸುಣ್ಣ ಸವರಿ, ಒಂದಕ್ಕೊಂದು ತಾಗದಂತೆ ಇಡಬೇಕು. ದಪ್ಪ ಅಳೆಯುವ ಮೈಕ್ರೋಮೀಟರಿನ ಬಾಯಿ ಕೂದಲೆಳೆಯಷ್ಟು ತೆರೆದೇ ಇರಬೇಕು. ಲೋಹ ಕೊಯ್ಯುವ ಗರಗಸ, ಹ್ಯಾಕ್‌ಸಾದ ಬ್ಲೇಡ್ ಬಿಗಿದ ನಟ್ ಸಡಿಲಿಸುವಾಗ ಪಾಂಡವರ ಕಥೆ ಬರುತ್ತಿತ್ತು: ಅಜ್ಞಾತವಾಸಕ್ಕೆ ಹೊರಟವರು ಆಯುಧಗಳನ್ನು ಬನ್ನಿ ಮರಕ್ಕೆ ಏರಿಸುವ ಮುನ್ನ ಬಿಲ್ಲುಗಳ ಹೆದೆ ಇಳಿಸಿದ್ದರು. ಬಿಗಿದ ಸ್ಥಿತಿಯಲ್ಲೇ ಬಿಟ್ಟುಹೋಗುವುದು ಆಯುಧಕ್ಕೆ ಮಾಡುವ ಅವಮಾನವೆಂದೇ ಮೇಷ್ಟ್ರು ನಂಬಿದ್ದರು.

ಕುಂಕುಮದ ವಿಷಯದಲ್ಲೂ ಅಷ್ಟೇ ಕಟ್ಟುನಿಟ್ಟು. ನೀರಲ್ಲಿ ಕಲೆಸಿದ ಅರಿಸಿನ-ಕುಂಕುಮವನ್ನು ಬರೀ ಕಬ್ಬಿಣಕ್ಕೆ ಇಟ್ಟರೆ ರಜೆ ಮುಗಿಯುವಷ್ಟರಲ್ಲಿ ಬೊಟ್ಟಿನ ಆಕಾರದಲ್ಲೇ ತುಕ್ಕು ಹಿಡಿದಿರುತ್ತದೆ. ಆದ್ದರಿಂದ ಬೊಟ್ಟು, ಹೂವು ಏನಿದ್ದರೂ ಬಣ್ಣ ಬಳಿದ ಹೆಡ್‌ಸ್ಟಾಕಿಗೆ. ಎಣ್ಣೆ ಚಿಂದಿಯೆಲ್ಲ ಹೊರಗೆ ಹೋದ ಮೇಲೆಯೇ ಕರ್ಪೂರ. ಬೂದುಗುಂಬಳಕಾಯಿ ಒಡೆದ ಮರುಗಳಿಗೆಯಲ್ಲೇ ಗೇಟಿನ ಮುಂದಿನ ಹೋಳುಗಳನ್ನು ಬಾಚಬೇಕು, ಸೈಕಲ್ ಸವಾರರು ಜಾರಿ ಬೀಳಬಾರದು. ಕಡ್ಲೆಪುರಿ ಹಂಚುವುದು ಅದಾದ ಮೇಲೆ.

ಫ್ಯೂಸ್ ಕೀಳುವ ಪದ್ಧತಿ ಹುಟ್ಟಿದ್ದು ನಮ್ಮ ಬ್ಯಾಚಿನ ಕೆಲವರ ಪ್ರತಾಪದಿಂದ. ಪೂಜೆಯ ನಿಂಬೆಹಣ್ಣನ್ನು ಚಕ್ಕಿಗೆ ಬಿಗಿದು ಲೇತ್ ತಿರುಗಿಸಿದರು. ಹಣ್ಣು ಸಿಡಿದು ಗೋಡೆಯೆಲ್ಲ ರಸ. ಗೋಡೆ ಒರೆಸಿದರು, ಚಕ್ಕಿನ ಒಳಗಿಳಿದ ಹುಳಿಯನ್ನು ಯಾರೂ ಯೋಚಿಸಲಿಲ್ಲ. ದಸರಾ ರಜೆ ಮುಗಿಸಿ ಬಂದಾಗ ಚಕ್ ಬಿಗಿಯುವ ಕೀ ಅಲುಗಲಿಲ್ಲ. ಮೇಷ್ಟ್ರು ಕೈಯೆತ್ತಲಿಲ್ಲ, ಸ್ಪ್ಯಾನರ್ ಕೊಟ್ಟರು. ಚಕ್ ಇಳಿಸಿ, ಹಿಂದಿನ ಪ್ಲೇಟ್ ಬಿಚ್ಚಿ, ಒಳಗಿನ ಸುರುಳಿ ತಟ್ಟೆಯನ್ನು ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಹಾಕಿಸಿದರು. ಮೂರು ದವಡೆಗಳ ಮೇಲೂ 1, 2, 3 ಎಂದು ಕೊರೆದಿರುತ್ತದೆ. ಆ ಕ್ರಮದಲ್ಲೇ ಕೂರಿಸಬೇಕು. ಅವಸರದಲ್ಲಿ ಆ ಪ್ರತಾಪಿಗಳು 2 ಮತ್ತು 3ನ್ನು ಅದಲುಬದಲು ಮಾಡಿದರು. ಮೇಷ್ಟ್ರು ನೋಡಿಯೂ ಸುಮ್ಮನಿದ್ದರು. ದವಡೆಗಳು ನಡುಮಧ್ಯದಲ್ಲಿ ಕೂಡಲಿಲ್ಲ, ಹಿಡಿಸಿದ ಸರಳು ಓಲಾಡಿತು. ಮತ್ತೆ ಬಿಚ್ಚು. ಅಂದು ಕಲಿತದ್ದು ಯಾವ ಪರೀಕ್ಷೆಯಲ್ಲೂ ಬರಲಿಲ್ಲ. ಆದರೆ ಇಂದು ನನ್ನ ಉಸ್ತುವಾರಿಯ ಹಳೆಯ ಲೇತುಗಳು ಇನ್ನೂ ಹೇಗೆ ನಿಖರವಾಗಿವೆ ಎಂದು ಬೇರೆ ವಿಭಾಗದವರು ನೋಡಲು ಬರುತ್ತಾರೆ. ಆ ಹೆಮ್ಮೆಯಲ್ಲಿ ಮೇಷ್ಟ್ರ ಪಾಲು ದೊಡ್ಡದು.

ಈಗ ಶಾಲೆಗಳಲ್ಲಿ ಪೂಜೆ ಕಂಪ್ಯೂಟರ್ ಲ್ಯಾಬಿನಲ್ಲಿ. ಮಾನಿಟರಿಗೆ ಹೂವು, ಕುಂಕುಮ, ಒಂದು ಗ್ರೂಪ್ ಫೋಟೋ. ಕ್ಯಾಬಿನೆಟ್ ತೆರೆದು ಫ್ಯಾನಿನ ಧೂಳು ತೆಗೆಯುವ ಮಕ್ಕಳಿಲ್ಲ. ಅವರ ತಪ್ಪಲ್ಲ, ಸ್ಕ್ರೂಡ್ರೈವರ್ ಕೊಡುವವರು ಬೇಕು. ಬೀಗ ಹಾಕಿರುವ ನಮ್ಮ ವರ್ಕ್‌ಷಾಪನ್ನು ಈ ಸಲ ಅಷ್ಟಮಿಯ ದಿನ ತೆರೆಸಿಕೊಡಿ ಎಂದು ಮುಖ್ಯೋಪಾಧ್ಯಾಯರನ್ನು ಹಳೆಯ ವಿದ್ಯಾರ್ಥಿಗಳೆಲ್ಲ ಕೇಳಿಕೊಂಡಿದ್ದೇವೆ. ಬ್ರಷ್, ಎಣ್ಣೆ, ಕಾಟನ್ ವೇಸ್ಟ್ ನಾವು ತರುತ್ತೇವೆ. ಒಂಬತ್ತನೇ ತರಗತಿಯ ಮಕ್ಕಳು ಹಳೆಯ ಅರ್ಧ ತೋಳಿನ ಅಂಗಿ ಹಾಕಿಕೊಂಡು ಬಂದರೆ ಸಾಕು.