ತೊಗರಿ, ಕೆಮ್ಮಣ್ಣು ಮತ್ತು ಒಂದು ಫಾರ್ವರ್ಡ್ ಮೆಸೇಜು

ಸುಗ್ಗಿ ಮುಗಿಯುವ ಹೊತ್ತಿಗೆ ರೈತರ ವಾಟ್ಸಾಪ್ ಗುಂಪುಗಳಲ್ಲಿ ಇಂಥದೊಂದು ಸಾಲು ಓಡಾಡುತ್ತದೆ: "ತೊಗರಿಗೆ ಕೆಮ್ಮಣ್ಣು ಕಟ್ಟಿ ಇಡಿ, ಹುಳ ಬೀಳಲ್ಲ." ಮಾತು ಸುಳ್ಳಲ್ಲ. ಆದರೆ ಇಷ್ಟನ್ನೇ ನಂಬಿ ಮಾಡಿದವರ ಬಿತ್ತನೆ ಬೀಜ ಹಾಳಾಗುವ ಸಾಧ್ಯತೆಯೇ ಹೆಚ್ಚು.

ಯಾಕೆಂದರೆ ನಮ್ಮಲ್ಲಿ ತೊಗರಿಗೆ ಕೆಮ್ಮಣ್ಣು ಹಾಕುವುದು ಎರಡು ಬೇರೆ ಕೆಲಸಗಳಿಗೆ. ಬೇಳೆ ಮಾಡಲು ಹಾಕುವಾಗ ಕಾಳನ್ನು 4ರಿಂದ 12 ಗಂಟೆ ನೆನೆಸಿ, ನೀರು ಬಸಿದು, ಜರಡಿ ಹಿಡಿದ ಮಣ್ಣನ್ನು ಕಲಸಿ ಸವರುತ್ತಾರೆ. ಕ್ವಿಂಟಲಿಗೆ 2ರಿಂದ 5 ಕೆಜಿ ಮಣ್ಣು ಸಾಕು. ರಾತ್ರಿಯೆಲ್ಲ ಗುಡ್ಡೆ ಹಾಕಿಟ್ಟು, ಆಮೇಲೆ 2ರಿಂದ 4 ದಿನ ಬಿಸಿಲಿಗೆ ಹರವುತ್ತಾರೆ. ಸಿಪ್ಪೆ ಸಡಿಲವಾಗಿ ಬೇಳೆ ಸಲೀಸಾಗಿ ಒಡೆಯುತ್ತದೆ. ಬಿತ್ತನೆಗೆ ಇಡುವ ಕಾಳನ್ನು ಹೀಗೆ ನೆನೆಸುವಂತಿಲ್ಲ. ಗಂಟೆಗಟ್ಟಲೆ ನೆನೆದ ಕಾಳಿನೊಳಗೆ ಮೊಳಕೆಯ ಕೆಲಸ ಶುರುವಾಗಿರುತ್ತದೆ. ಅದನ್ನು ಮತ್ತೆ ಒಣಗಿಸಿ ತಿಂಗಳುಗಟ್ಟಲೆ ಇಟ್ಟರೆ ಮುಂಗಾರಿನಲ್ಲಿ ಏಳುವುದು ಅನುಮಾನ. ಬೀಜಕ್ಕಾದರೆ ಮೊದಲು ಹಲ್ಲಿಗೆ ಕಟ್ ಎನ್ನುವಷ್ಟು ಒಣಗಿಸಬೇಕು, ತೆಳ್ಳಗೆ ಕಲಸಿದ ಮಣ್ಣನ್ನು ಕಾಳಿಗೆ ಅಂಟುವಷ್ಟೇ ಸವರಬೇಕು, ಅವತ್ತೇ ಬಿಸಿಲಿಗೆ ಹಾಕಿ ಮಣ್ಣಿನ ಪಸೆ ಪೂರ್ತಿ ಆರಿಸಬೇಕು.

ಮಣ್ಣು ಹುಳವನ್ನು ತಡೆಯುವ ಬಗೆಯೂ ಮೆಸೇಜಿನಲ್ಲಿ ಇರುವುದಿಲ್ಲ. ಕಾಳಿನ ದುಂಬಿ ಮೊಟ್ಟೆ ಅಂಟಿಸುವುದು ಸಿಪ್ಪೆಯ ಮೇಲೆ, ಮರಿ ಅಲ್ಲಿಂದ ಒಳಕ್ಕೆ ಕೊರೆಯುತ್ತದೆ. ಮಣ್ಣಿನ ಪದರ ಆ ದಾರಿಗೆ ಅಡ್ಡ. ಆದರೆ ದುಂಬಿ ಹೊಲದಲ್ಲೇ ಕಾಯಿಗೆ ಹತ್ತಿರುತ್ತದೆ. ಆಗಲೇ ಒಳಗೆ ಸೇರಿದ ಮರಿಯನ್ನು ಮಣ್ಣು ಏನೂ ಮಾಡಲಾರದು. "ಮಣ್ಣು ಕಟ್ಟಿದೆ, ಆದರೂ ಹುಳ ಬಂತು" ಎಂಬ ದೂರಿಗೆ ಬಹುಪಾಲು ಕಾರಣ ಇದೇ: ಒಕ್ಕಣೆಯಾದ ಮೇಲೆ ಒಳಗಿನ ಮರಿ ಸಾಯುವಷ್ಟು ಬಿಸಿಲು ಕಾಳಿಗೆ ಸಿಕ್ಕಿರುವುದಿಲ್ಲ.

ಅಜ್ಜಿಯ ಬಾಯಲ್ಲಿ ಇದೆಲ್ಲ ಒಟ್ಟಿಗೇ ಇರುತ್ತದೆ. ಫೋನಿಗೆ ಬರುವಾಗ ಕತ್ತರಿಸಿಹೋಗುತ್ತದೆ. ಹಾಗಾಗಿ ಕೂರಿಸಿ ಕೇಳುವುದಕ್ಕಿಂತ ಕೆಲಸ ಮಾಡುತ್ತಿರುವಾಗಲೇ ರೆಕಾರ್ಡ್ ಮಾಡಿ. ಕೈ ಮಾಡುವುದೆಲ್ಲ ಬಾಯಿಗೆ ಬರುವುದಿಲ್ಲ. ಫ್ಯಾನ್ ನಿಲ್ಲಿಸಿ, ಫೋನನ್ನು ಫ್ಲೈಟ್ ಮೋಡಿಗೆ ಹಾಕಿ ಬಾಯಿಯಿಂದ ಒಂದು ಗೇಣು ದೂರದಲ್ಲಿಡಿ. ಮೊದಲಿಗೆ ದಿನ, ಊರು, ಬೆಳೆ ಇಷ್ಟನ್ನು ನೀವೇ ಹೇಳಿ. ಕೇಳಲೇಬೇಕಾದ ಪ್ರಶ್ನೆ ಒಂದಿದೆ: "ಇದನ್ನ ಯಾವಾಗ ಮಾಡಬಾರದಮ್ಮಾ?" ನಿಜವಾದ ಅನುಭವ ಆ ಉತ್ತರದಲ್ಲೇ ಹೊರಬರುತ್ತದೆ.

ಅಳತೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ಜೊತೆಗೆ ಅವರ ಮನೆಯ ಸೇರನ್ನು ತಕ್ಕಡಿಗೂ ಹಾಕಿ. ಸೇರು ಪಾತ್ರೆಯ ಅಳತೆ. ಒಂದು ಸೇರು ರಾಗಿಯ ತೂಕ ಒಂದು ಸೇರು ತೊಗರಿಗಿಲ್ಲ, ಒಂದು ಸೀಮೆಯ ಸೇರು ಇನ್ನೊಂದಕ್ಕೆ ಹೊಂದುವುದಿಲ್ಲ. ತುಳುನಾಡಿನ ಅಕ್ಕಿಮುಡಿಗೆ (ಒಣಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ) 42 ಸೇರು, ಅಂದರೆ 3 ಕಳಸೆ. ಈ ಲೆಕ್ಕ ಬಯಲುಸೀಮೆಯವರಿಗೆ ವಿವರಿಸದೆ ಗೊತ್ತಾಗದು.

ಹೆಸರಿನ ಗೊಂದಲ ಇನ್ನೂ ಅಪಾಯದ್ದು. ಬ್ರಾಹ್ಮಿ ಎಂದರೆ ಕೆಲವರಿಗೆ ಒಂದೆಲಗ, ಕೆಲವರಿಗೆ ನೀರುಬ್ರಾಹ್ಮಿ. ಎರಡೂ ಬೇರೆ ಗಿಡ. ಒಂದೆಲಗವೇ ತುಳುವಿನಲ್ಲಿ ತಿಮರೆ. ಆದ್ದರಿಂದ ಹೇಳಿದವರು ಬಳಸಿದ ಹೆಸರನ್ನು ತಿದ್ದಬೇಡಿ, ಪಕ್ಕದಲ್ಲಿ ಬೇರೆ ಹೆಸರುಗಳನ್ನೂ ಸಸ್ಯಶಾಸ್ತ್ರೀಯ ಹೆಸರನ್ನೂ ಸೇರಿಸಿ. ಎಲೆಯ ಮೇಲ್ಮೈ, ಅಡಿ, ಎಲೆ ಕಾಂಡಕ್ಕೆ ಕೂಡುವ ಜಾಗ, ಹೂವು, ಕಾಯಿ, ಇಡೀ ಗಿಡ ಇಷ್ಟರ ಫೋಟೋ ಬೇಕು. ಕಾಡಿನ ಅಣಬೆಯನ್ನು ಮಾತ್ರ ಫೋಟೋ ನೋಡಿ "ತಿನ್ನಬಹುದು" ಎಂದು ಯಾರೂ ಹೇಳಕೂಡದು.

ವಾಟ್ಸಾಪಿನಲ್ಲಿ ಫೋಟೋ ಮಾಮೂಲಿಯಾಗಿ ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ದಿನ ಮತ್ತು ಜಾಗದ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೈಲೇ ಹೋಗುತ್ತದೆ. ವಾಯ್ಸ್ ಮೆಸೇಜಿನೊಳಗಿನ ಮಾತು ಹುಡುಕಿದರೆ ಸಿಗುವುದಿಲ್ಲ, ಅದರ ಕೆಳಗೆ ಮೂರು ಸಾಲು ಬರೆಯಿರಿ. ತೊಗರಿ, ತೊಗ್ರಿ ಎರಡನ್ನೂ ಬರೆಯಿರಿ, ಹುಡುಕುವವರು ಯಾವುದನ್ನು ಟೈಪ್ ಮಾಡುತ್ತಾರೋ ತಿಳಿಯದು. ಗುಂಪಿನಲ್ಲಿ ಡಿಸಪಿಯರಿಂಗ್ ಮೆಸೇಜ್ ಆನ್ ಇದ್ದರೆ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಎಲ್ಲವೂ ಮಾಯ. ಗುಂಪು ಹಂಚುವ ಜಾಗ, ಕಣಜವಲ್ಲ. ತಿಂಗಳಿಗೊಮ್ಮೆ ಒಬ್ಬರು ಕೂತು ಫೈಲುಗಳನ್ನು ಬೇರೆ ಕಡೆ ಇಳಿಸಿ, ವರ್ಷ, ತಿಂಗಳು, ಬೆಳೆ, ತಾಲ್ಲೂಕು ಎಂದು ಹೆಸರಿಟ್ಟು ಜೋಡಿಸಬೇಕು.

ಹೇಳಿಕೊಟ್ಟವರ ಒಪ್ಪಿಗೆಯ ವಿಷಯಕ್ಕೆ ನಾವು ಕೊಡುವ ಗಮನ ತೀರಾ ಕಡಿಮೆ. ಅರಿಶಿನ ಗಾಯ ಮಾಯಿಸುತ್ತದೆಂಬುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಸಿಕ್ಕಿತ್ತು. ಭಾರತ ಸರ್ಕಾರದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ಬರಹಗಳನ್ನು ಮುಂದಿಟ್ಟ ಮೇಲೆ 1997ರಲ್ಲಿ ರದ್ದಾಯಿತು. ದಾಖಲೆ ಕಾಪಾಡುತ್ತದೆ ಎನ್ನುವುದಕ್ಕೆ ಇದು ಸಾಕ್ಷಿ. ಅದೇ ದಾಖಲೆ, ಅದನ್ನು ಲಾಭಕ್ಕೆ ಬಳಸುವ ಕಂಪನಿಗೂ ದಾರಿ ತೋರಿಸೀತು. ಫೋಟೋ, ಆಡಿಯೋಗಳನ್ನು ಎಲ್ಲರಿಗೂ ತೆರೆದಿಡುವ ಜಾಲತಾಣ ವಿಕಿಮೀಡಿಯ ಕಾಮನ್ಸ್‌ಗೆ ಮುಕ್ತ ಪರವಾನಗಿಯಲ್ಲಿ ಹಾಕಿದ್ದನ್ನು ಯಾರು ಬೇಕಾದರೂ ವ್ಯಾಪಾರಕ್ಕೆ ಬಳಸಬಹುದು, ಕೊಟ್ಟ ಪರವಾನಗಿಯನ್ನು ವಾಪಸ್ ಪಡೆಯುವಂತಿಲ್ಲ. ಇದನ್ನು ಹಿರಿಯರಿಗೆ ಬಿಡಿಸಿ ಹೇಳಿ, ಮನೆಗೆ ಮಾತ್ರವೋ, ಊರಿಗೋ, ಲೋಕಕ್ಕೋ ಎಂದು ಕೇಳಿ, ಅವರ ಉತ್ತರವನ್ನು ಅದೇ ರೆಕಾರ್ಡಿಂಗಿನಲ್ಲಿ ಇರಿಸಿ. ಅಪರೂಪದ ಔಷಧಿ ಗಿಡ ಬೆಳೆಯುವ ಜಾಗವನ್ನು ಯಾವ ಗುಂಪಿಗೂ ಹಾಕಬೇಡಿ. ಗಿಡ, ಪ್ರಾಣಿ ಕಂಡದ್ದನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಆ್ಯಪ್‌ನಲ್ಲಿ ಜಾಗವನ್ನು ಮಸುಕಾಗಿಸುವ ಆಯ್ಕೆ ಇದೆ, ಬಳಸಿ. ಊರಿಗೆ ಸೇರಬೇಕಾದ್ದು 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲೆಗೆ ಹೋಗಲಿ.

ಕೆಮ್ಮಣ್ಣಿನ ಮೆಸೇಜನ್ನು ಪರೀಕ್ಷಿಸುವುದೂ ಕಷ್ಟವಲ್ಲ. ಒಂದೇ ರಾಶಿಯ ತೊಗರಿಯಲ್ಲಿ ಒಂದಿಷ್ಟಕ್ಕೆ ಮಣ್ಣು ಕಟ್ಟಿ, ಒಂದಿಷ್ಟನ್ನು ಹಾಗೇ ಇಡಿ. ಮೇ ಕೊನೆಗೆ ಎರಡರಿಂದಲೂ ನೂರು ನೂರು ಕಾಳು ಆಯದೆ ತೆಗೆದು ಒದ್ದೆ ಗೋಣಿತಾಟಿನಲ್ಲಿ ಸುತ್ತಿ, ಐದಾರು ದಿನ ಬಿಟ್ಟು ಮೊಳಕೆ ಎಣಿಸಿ. ಪ್ರಮಾಣಿತ ತೊಗರಿ ಬೀಜಕ್ಕೆ ಕನಿಷ್ಠ 75 ಮೊಳೆಯಬೇಕು. ಎಷ್ಟು ಮೊಳೆತವು, ಎಷ್ಟು ತೂತು ಬಿದ್ದಿದ್ದವು ಎಂಬುದನ್ನು ಹೊಸ ಮೆಸೇಜಾಗಿ ಹಾಕದೆ, ಆ ಹಳೆಯ ಮೆಸೇಜಿಗೇ ರಿಪ್ಲೈ ಮಾಡಿ ಬರೆಯಿರಿ.