ಹಿಮದಲ್ಲಿ ಬಿದ್ದಿದ್ದ ಊರುಗೋಲು

ಬದಿಯಡ್ಕದಲ್ಲಿ ನನ್ನದೊಂದು ಫೋಟೋ ಫ್ರೇಮಿನ ಅಂಗಡಿ. ದೇವರ ಪಟ, ತೀರಿಹೋದವರ ಫೋಟೋ, ಮದುವೆ ಫೋಟೋ, ಸನ್ಮಾನ ಪತ್ರ, ವರ್ಷವಿಡೀ ಇಷ್ಟೇ ಕೆಲಸ. ಹಿಂದಿನಿಂದ ಲೈಟು ಉರಿಯುವ ಪಟ ಅಂದರೆ ಇಲ್ಲಿ ಜಲಪಾತ, ಇಲ್ಲದಿದ್ದರೆ ತಲೆಯ ಹಿಂದೆ ಚಕ್ರ ತಿರುಗುವ ದೇವರು. ಹಾಗಾಗಿ ಅಬುಧಾಬಿಯಿಂದ ರಜೆಯಲ್ಲಿ ಬಂದವರೊಬ್ಬರು ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಪಟವನ್ನು ಮೇಜಿನ ಮೇಲೆ ಮಲಗಿಸಿದಾಗ, ಇದೂ ಜಲಪಾತವೇ ಇರಬೇಕು ಅಂದುಕೊಂಡೆ.

ಬಿಚ್ಚಿದರೆ ಬರೀ ಹಿಮ.

"ಎರಡೇ ತಿಂಗಳು ಅಣ್ಣ, ಆಮೇಲೆ ಲೈಟೇ ಬರುವುದಿಲ್ಲ" ಎಂದರು. ಪಕ್ಕದ ಟೈಲರ್ ಬಂದು ಬಗ್ಗಿ ನೋಡಿದ. "ಇದೆಂತ ಮಾರಾಯ, ಬೇಳದ ಇಗರ್ಜಿಯಾ? ಪೂರಾ ಮಂಜು ಉಂಟಲ್ಲ!" ನಮ್ಮ ಹತ್ತಿರದ ಬೇಳದ ಚರ್ಚನ್ನು ಕಟ್ಟಿದ್ದು 1890ರಲ್ಲಿ, ಪಟದ ಹಿಂದಿನ ಚೀಟಿಯಲ್ಲಿ 1811 ಅಂತ ಇತ್ತು. ಜೊತೆಗೆ ಕಾಸ್ಪರ್ ಡೇವಿಡ್ ಫ್ರೀಡ್ರಿಕ್ ಅಂತ ಒಂದು ಹೆಸರು.

ಹಾಳಾಗಿದ್ದು ಅಡಾಪ್ಟರ್ ಮಾತ್ರ. ಹನ್ನೆರಡು ವೋಲ್ಟಿನದ್ದು, ನನ್ನ ಹತ್ತಿರ ಇರಲಿಲ್ಲ, ಕಾಸರಗೋಡಿನಿಂದ ಬರಬೇಕಿತ್ತು. ಹಾಗಾಗಿ ಎರಡು ದಿನ ಪಟ ಲೈಟಿಲ್ಲದೆ ಮೇಜಿನ ಮೇಲೇ ಇತ್ತು. ಊಟದ ಡಬ್ಬಿ ತೆರೆದುಕೊಂಡು ಅದನ್ನೇ ನೋಡುತ್ತಿದ್ದೆ. ಎದುರಿಗೆ ಮೂರು ಹಸಿರು ಮರ, ಅಲ್ಲೊಂದು ಶಿಲುಬೆ. ಹಿಂದೆ ದೂರದಲ್ಲಿ ಇಗರ್ಜಿ, ಅದೂ ಇಗರ್ಜಿಯ ನೆರಳಿನ ಹಾಗೆ. ಎರಡನೇ ದಿನ ಮಧ್ಯಾಹ್ನ ಬಂಡೆಗೆ ಬೆನ್ನು ಕೊಟ್ಟು ಕೂತ ಒಬ್ಬ ಮನುಷ್ಯ ಕಂಡ. ಕೈ ಮುಗಿದಿದ್ದಾನೆ. ಆಮೇಲೆ ಹಿಮದಲ್ಲಿ ಒಂದು ಕೋಲು. ಅದರಾಚೆ ಇನ್ನೊಂದು. ಕಂಕುಳಿಗೆ ಇಟ್ಟುಕೊಳ್ಳುವ ಊರುಗೋಲು ಅವು! ಅಷ್ಟು ದೂರ ಕುಂಟಿಕೊಂಡು ಬಂದವನು ಎರಡನ್ನೂ ಎಸೆದುಬಿಟ್ಟಿದ್ದಾನೆ.

ಮೊಬೈಲಿನಲ್ಲಿ ಹುಡುಕಿ ಓದಿದೆ. ಫ್ರೀಡ್ರಿಕ್ ಜರ್ಮನಿಯ ಚಿತ್ರಗಾರ. ಮೂಲ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅಳತೆ ಬರೀ 32.5 ಸೆಂಟಿಮೀಟರ್ ಎತ್ತರ, 45 ಅಗಲ. ನಾವು ಮದುವೆ ಫೋಟೋಕ್ಕೆ ಹಾಕುವ 12-18 ಸೈಜು, ಹೆಚ್ಚುಕಮ್ಮಿ ಅಷ್ಟೇ! ನನ್ನ ಮೇಜಿನ ಮೇಲಿದ್ದದ್ದು ಮೂರಡಿ. ಅದೇ ವರ್ಷ ಅವನು ಇನ್ನೊಂದು ಹಿಮದ ಚಿತ್ರ ಬರೆದಿದ್ದ, ಅದು ಜರ್ಮನಿಯ ಶ್ವೆರಿನ್‌ನಲ್ಲಿದೆ. ಅದರಲ್ಲಿ ಒಣಗಿದ ಓಕ್ ಮರಗಳ ನಡುವೆ ಊರುಗೋಲು ಹಿಡಿದು ಒಬ್ಬ ನಿಂತಿದ್ದಾನೆ. ಅವನೇ ಇವನು ಅಂತ ನನಗೂ ಅನಿಸಿತು. ಲಂಡನ್ನಿನ ಚಿತ್ರದ ನೀಲಿ ಬಣ್ಣ ಕೋಬಾಲ್ಟ್ ಬೆರೆಸಿದ ಗಾಜಿನ ಪುಡಿಯದ್ದಂತೆ. ದಿನವೂ ಗಾಜು ಕೊಯ್ಯುವ ನನಗೆ ಇದು ಬಹಳ ಖುಷಿ ಕೊಟ್ಟಿತು, ಸುಮ್ನೆ.

ಅಡಾಪ್ಟರ್ ಬಂತು. ಸಿಕ್ಕಿಸಿ ಸ್ವಿಚ್ ಹಾಕಿದೆ. ಅಯ್ಯೋ! ಹಿಮವೆಲ್ಲ ನೀಲಿ ಜಾಸ್ತಿಯಾದ ಪಂಚೆಯ ಹಾಗೆ. ಇಗರ್ಜಿಯ ಕಿಟಕಿಗಳಲ್ಲಿ ನಾಲ್ಕು ಹಳದಿ ಬಲ್ಬು. ಫ್ರೀಡ್ರಿಕ್ ಅಲ್ಲಿ ದೀಪವನ್ನೇ ಬರೆದಿರಲಿಲ್ಲ, ಮಾಡಿದವರು ಕ್ಯಾನ್ವಾಸಿಗೆ ತೂತು ಕೊರೆದು ಸೇರಿಸಿದ್ದರು. ಆ ಬೆಳಕಿನಲ್ಲಿ ಊರುಗೋಲು ಇಲ್ಲವೇ ಇಲ್ಲ, ಕರಗಿಹೋಗಿತ್ತು. ಮನುಷ್ಯನೂ ಬಂಡೆಯ ಜೊತೆ ಸೇರಿಹೋದ.

ಚಿತ್ರದ ಹಿಂದೆ ಲೈಟು ಇಡುವುದೇ ತಪ್ಪು ಅಂತ ಆಗ ಬೈದುಕೊಂಡೆ. ರಾತ್ರಿ ಮನೆಯಲ್ಲಿ ಮತ್ತೆ ಓದುವಾಗ ಮುಖಭಂಗ. ಫ್ರೀಡ್ರಿಕ್‌ನೇ ಅದನ್ನು ಮಾಡಿದ್ದ! ತೆಳು ಕಾಗದದ ಎರಡೂ ಬದಿಗೆ ಬರೆದು, ಕತ್ತಲೆ ಕೋಣೆಯಲ್ಲಿ ಹಿಂದೆ ದೀಪ ಇಟ್ಟು ನೋಡುವ ಚಿತ್ರಗಳು. 1830ರ ನಂತರದ್ದು. ರಷ್ಯದ ಯುವರಾಜನಿಗೆ ಕಳಿಸಿದ ಅಂಥವು ಕಳೆದುಹೋಗಿವೆ. ಒಂದು ಕಾಸೆಲ್ ಊರಿನಲ್ಲಿ ಉಳಿದಿದೆ: ಎದುರಿನಿಂದ ಬೆಳಕು ಬಿದ್ದರೆ ಹಗಲು, ಹಿಂದಿನಿಂದ ಬಿದ್ದರೆ ಬೆಳದಿಂಗಳು. ನಮ್ಮ ದೀಪಾವಳಿಯ ಗೂಡುದೀಪದ ಕೆಲಸವೇ ಅಲ್ವಾ? ಕಾಗದ ಎಲ್ಲಿ ಒಂದು ಪದರ, ಎಲ್ಲಿ ಎರಡು ಅನ್ನುವುದರಲ್ಲೇ ಎಲ್ಲ ಇರುವುದು.

ಮರುದಿನ ಹಿಂದಿನ ಹಾರ್ಡ್‌ಬೋರ್ಡ್ ಬಿಚ್ಚಿದೆ. ಬೆಳಕಿನ ಬಣ್ಣ 6500 ಅಂತ ಬರೆದಿದ್ದ ಎಲ್‌ಇಡಿ ಪಟ್ಟಿ ತೆಗೆದು 4000ದ್ದು ಅಂಟಿಸಿದೆ, ಅದರ ಬಿಳಿ ಅಷ್ಟು ನೀಲಿಯಿಲ್ಲ. ಊರುಗೋಲು ಇರುವ ಜಾಗಕ್ಕೆ ಹಿಂದಿನಿಂದ ಬಟರ್ ಪೇಪರ್ ಎರಡು ಪದರ. ಕಿಟಕಿಗಳಿಗೆ ಕಪ್ಪು ಟೇಪು. ಶಟರ್ ಅರ್ಧ ಎಳೆದು ಲೈಟು ಹಾಕಿ ನೋಡಿದೆ. ಕೋಲು ಎರಡೂ ಕಂಡವು. ಹಿಮದಿಂದ ಹುಲ್ಲಿನ ಕಡ್ಡಿ ತಲೆ ಎತ್ತಿದ್ದೂ ಕಂಡಿತು, ಹಗಲಿನಲ್ಲಿ ಅದನ್ನು ನೋಡಿಯೇ ಇರಲಿಲ್ಲ.

ಪಟದವರು ಸಂಜೆ ಬಂದರು. ಮೊದಲ ಮಾತೇ, "ಕಿಟಕಿಯ ಲೈಟೆಲ್ಲಿ ಅಣ್ಣ?"

ಊರುಗೋಲು ತೋರಿಸಿದೆ. ಬಗ್ಗಿ ನೋಡಿದರು, "ಓ, ಹೌದಲ್ಲ, ಇದು ನಮಗೆ ಗೊತ್ತೇ ಇರಲಿಲ್ಲ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೂ ಮಕ್ಕಳಿಗೆ ಕಿಟಕಿ ಲೈಟು ಬೇಕು, ಅದು ಇದೆ ಅಂತಲೇ ತೆಗೊಂಡದ್ದು" ಎಂದರು.

ಚೌಕಾಸಿ ಆಯಿತು. ನಾಲ್ಕರಲ್ಲಿ ಎರಡು ಕಿಟಕಿಯ ಟೇಪು ಕಿತ್ತೆ. ಅಡಾಪ್ಟರ್, ಪಟ್ಟಿ, ಕೂಲಿ ಸೇರಿ 650 ರೂಪಾಯಿ. ಬಟರ್ ಪೇಪರಿಗೆ ದುಡ್ಡು ಹಾಕಲಿಲ್ಲ.